ಮಗ್ಗುಲಾದಾಗ ತಲೆ ತಿರುಗುತ್ತಾ? ಕುತ್ತಿಗೆ ಎಳೆಸೋಕೆ ಮುಂಚೆ ಇದನ್ನ ಓದಿ

ಶಿವಮೊಗ್ಗ ಕಡೆಯವರೇ, ಮನೇಲಿ ವಯಸ್ಸಾದವರಿಗೆ ತಲೆಸುತ್ತು ಇದ್ರೆ ಸ್ವಲ್ಪ ಗಮನ ಕೊಡಿ. ತಲೆ ತಿರುಗುತ್ತೆ ಅಂತ ಹೋದವರಿಗೆ ಕುತ್ತಿಗೆ ಎಕ್ಸ್‌ರೇ ತೆಗೆಸಿ, ಸ್ಪಾಂಡಿಲೈಟಿಸ್ (ಕುತ್ತಿಗೆ ಮೂಳೆ ಸವೆತ) ಅಂತ ಬರೆದು, ಫಿಸಿಯೋಥೆರಪಿ ಪ್ಯಾಕೇಜಿಗೆ ಮುಂಗಡ ಕಟ್ಟಿಸಿಕೊಳ್ಳೋ ಜಾಗಗಳಿವೆ. ನಮ್ಮಮ್ಮನಿಗೆ ಹಾಗೇ ಆಯ್ತು. ಹೆಸರು ಬರೆಯಲ್ಲ, ಕೇಳಬೇಡಿ.

ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಮ್ಮ ಹಾಸಿಗೇಲಿ ಬಲ ಮಗ್ಗುಲಿಗೆ ಹೊರಳಿದ್ರೆ ಸಾಕು, ಮನೆಯೆಲ್ಲ ಗಿರ್ರನೆ ತಿರುಗೋದು. ಅರ್ಧ ನಿಮಿಷಕ್ಕೆ ತಾನಾಗೇ ನಿಲ್ಲೋದು. ಮೇಲಿನ ಹಲಗೆಯ ಡಬ್ಬಕ್ಕೆ ಕತ್ತೆತ್ತಿದ್ರೂ ಅದೇ ಕಥೆ. ಮೊದಲು ಪಿತ್ತ ಅಂತ ಮುರುಗಲ ಹುಳಿ ನೀರು ಕುಡಿದದ್ದಾಯ್ತು. ನಮ್ಮ ಕಡೆ ಪಿತ್ತದ ತಲೆಗೆ ಕಟ್ಟದ ಕಾಯಿಲೆ ಯಾವುದಿದೆ ಹೇಳಿ!

ಶಿವಮೊಗ್ಗದ ಆ ಕ್ಲಿನಿಕ್ಕಲ್ಲಿ ಎಕ್ಸ್‌ರೇ ಬೆಳಕಿಗೆ ಹಿಡಿದು "ಮೂಳೆ ಸವೆದಿದೆ" ಅಂದ್ರು. ಎಪ್ಪತ್ತರ ಹತ್ತಿರದವರ ಕುತ್ತಿಗೆ ಸವೆದಿರದೇ ಇನ್ನೇನು? ಯಾವಾಗ ತಿರುಗುತ್ತೆ, ಎಷ್ಟು ಹೊತ್ತು ತಿರುಗುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಕರೆಂಟ್ ಕೊಟ್ರು, ಕಾಲರ್ ಹಾಕಿಸಿದ್ರು, ಗದ್ದಕ್ಕೆ ಪಟ್ಟಿ ಕಟ್ಟಿ ಕುತ್ತಿಗೆ ಎಳೆದ್ರು. ಮಂಚದ ಮೇಲೆ ಅಂಗಾತ ಮಲಗಿಸಿದ ಕೂಡಲೇ ಅಮ್ಮನಿಗೆ ಸುತ್ತು ಬಂದು ವಾಂತಿ ಆಯ್ತು. "ಅಡ್ಜಸ್ಟ್ ಆಗುತ್ತಮ್ಮ, ಕಣ್ಣು ಮುಚ್ಕೊಳ್ಳಿ" ಅಂತ ಪಟ್ಟಿ ಇನ್ನೊಂಚೂರು ಬಿಗಿ ಮಾಡಿದ್ರು.

ಜೊತೆಗೆ ತಲೆಸುತ್ತು ತಡೆಯೋಕೆ ಕೊಡೋ ಸಿನರಿಜೀನ್ ಮಾತ್ರೆ, "ನಿಲ್ಲಿಸಬೇಡಿ" ಅನ್ನೋ ಮಾತಿನ ಸಮೇತ. ತಿಂಗಳುಗಟ್ಟಲೆ ನುಂಗಿದ ಮೇಲೆ ಕಾಫಿ ಲೋಟ ಹಿಡಿದ ಕೈ ನಡುಗೋಕೆ ಶುರುವಾಯ್ತು. ಈ ಮಾತ್ರೆ ಬಹಳ ಕಾಲ ತಗೊಂಡ್ರೆ ವಯಸ್ಸಾದವರಲ್ಲಿ ಪಾರ್ಕಿನ್ಸನ್ ತರದ ನಡುಕ ಬರಬಹುದು ಅಂತ ಗೊತ್ತಾಗಿದ್ದು ಬೇರೆ ಊರಿನ ಕಿವಿ-ಮೂಗು-ಗಂಟಲು ಡಾಕ್ಟರ್ ಹತ್ತಿರ ಹೋದಾಗಲೇ. ಅವರು ಮೊದಲು ಮಾಡಿದ್ದೇ ಆ ಮಾತ್ರೆ ನಿಲ್ಲಿಸಿದ್ದು.

ಆಮೇಲೆ ಅಮ್ಮನನ್ನ ಮಂಚದ ಮೇಲೆ ಕೂರಿಸಿ, ತಲೆ 45 ಡಿಗ್ರಿ ಬಲಕ್ಕೆ ತಿರುಗಿಸಿ, ತಟ್ಟನೆ ಹಿಂದಕ್ಕೆ ಮಲಗಿಸಿದ್ರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ. "ಕಣ್ಣು ಮುಚ್ಚಬೇಡಿ ಅಮ್ಮ." ಎರಡು ಮೂರು ಕ್ಷಣ ಏನಿಲ್ಲ. ಆಮೇಲೆ ಎರಡೂ ಕಣ್ಣುಗುಡ್ಡೆ ತಾವಾಗೇ ಕುಣಿಯೋಕೆ ಶುರು, ನನ್ನ ಕಣ್ಣಾರೆ ನೋಡಿದೆ. ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಅಂದ್ರೆ ಇದೇ. ಇದಕ್ಕೆ ಎಕ್ಸ್‌ರೇ, ಸ್ಕ್ಯಾನ್ ಏನೂ ಬೇಡ.

ಒಳಕಿವೀಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳಿರುತ್ವೆ. ಅವು ಜಾಗ ತಪ್ಪಿ, ತಲೆ ತಿರುಗಿಸಿದ್ದನ್ನ ಗುರುತಿಸೋ ಅರ್ಧವೃತ್ತದ ನಾಳಕ್ಕೆ ಬಿದ್ರೆ ಹೀಗಾಗುತ್ತೆ. ಇದಕ್ಕೆ ಬಿಪಿಪಿವಿ ಅಂತಾರೆ, ಅಂದ್ರೆ ತಲೆಯ ಭಂಗಿ ಬದಲಾದಾಗ ಸ್ವಲ್ಪ ಹೊತ್ತು ಬರೋ ತಲೆಸುತ್ತು. ಅಮೆರಿಕದ ಡಾಕ್ಟರ್ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಆ ಹರಳನ್ನ ವಾಪಸ್ ಕಳಿಸ್ತಾರೆ. ಬಲಕ್ಕೆ ಮಲಗಿಸಿದ ತಲೆಯನ್ನ ಎಡಕ್ಕೆ ಹೊರಳಿಸಿ, ಮೈಯನ್ನೂ ಎಡ ಮಗ್ಗುಲಿಗೆ ತಂದು, ಮೂಗು ನೆಲದ ಕಡೆ ಮಾಡಿಸಿ, ಕೊನೆಗೆ ಎಬ್ಬಿಸಿ ಕೂರಿಸೋದು. ಒಂದೊಂದು ಭಂಗಿಯಲ್ಲೂ ಅರ್ಧ ನಿಮಿಷ, ಒಂದು ನಿಮಿಷ ಹಿಡೀಬೇಕು. ಅಲ್ಲಿನ ಫಿಸಿಯೋ ಮೇಡಂ ಮಾಡಿದ್ದು ಇಷ್ಟೇ. ಅವತ್ತು ರಾತ್ರಿ ಅಮ್ಮ ಬಲ ಮಗ್ಗುಲಿಗೆ ಮಲಗಿದ್ರು. ಮತ್ತೆ ಬರಬಹುದು, ಬಂದ್ರೆ ಮತ್ತೆ ಮಾಡಿಸಬೇಕು ಅಂತ ಮೊದಲೇ ಹೇಳಿದ್ದಾರೆ. ನಡೆಯುವಾಗ ಉಳಿದಿದ್ದ ಓಲಾಟಕ್ಕೆ ಬ್ಯಾಲೆನ್ಸಿನ ವ್ಯಾಯಾಮ ಕೊಟ್ಟಿದ್ದಾರೆ. ಹೆಬ್ಬೆರಳ ಮೇಲೆ ದೃಷ್ಟಿ ನೆಟ್ಟು ತಲೆ ಅತ್ತಿತ್ತ ಆಡಿಸೋದು, ಗೋಡೆ ಪಕ್ಕ ಒಂದರ ಮುಂದೊಂದು ಹೆಜ್ಜೆ ಇಡೋದು, ಈ ತರದ್ದು.

ವಿಡಿಯೋ ನೋಡಿ ನೀವೇ ಶುರು ಮಾಡಬೇಡಿ. ಕಿವಿ ಎಡವೋ ಬಲವೋ, ಹರಳು ಯಾವ ನಾಳದಲ್ಲಿದೆ ಅನ್ನೋದರ ಮೇಲೆ ವಿಧಾನ ಬದಲಾಗುತ್ತೆ. ಎಲ್ಲಾ ತಲೆಸುತ್ತೂ ಇದಲ್ಲ. ಮಾತು ತೊದಲಿದ್ರೆ, ಒಂದು ಎರಡಾಗಿ ಕಂಡ್ರೆ, ಕೈಕಾಲು ಸೋತ್ರೆ, ಹಿಂದೆಂದೂ ಇಲ್ಲದ ತಲೆನೋವು ಬಂದ್ರೆ, ನಿಲ್ಲೋಕೇ ಆಗದಿದ್ರೆ ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ.

ಪ್ಯಾಕೇಜಿನ ಉಳಿದ ದುಡ್ಡು ಕೇಳಿದ್ದಕ್ಕೆ "ವಾಪಸ್ ಬರಲ್ಲ, ಬೇಕಾದ್ರೆ ಮಂಡಿ ನೋವಿಗೆ ಬಳಸಿಕೊಳ್ಳಿ" ಅಂದ್ರು. ಅಮ್ಮನಿಗೆ ಮಂಡಿ ನೋವಿಲ್ಲ. ಎಲ್ಲೇ ಹೋದ್ರೂ ಆಯಾ ದಿನದ್ದು ಆಯಾ ದಿನ ಕೊಡ್ತೀವಿ ಅನ್ನಿ, ರಶೀದಿ ತಗೊಳ್ಳಿ.