ಅಮ್ಮನ ಮನೆಗೆ ವೈಫೈ ಬಲ್ಬಿನ ಕಾವಲು: ಹದಿನಾರು ತಿಂಗಳ ಬಳಕೆಯ ನಂತರ

ಅಮ್ಮ ಮೈಸೂರಿನ ಕುವೆಂಪುನಗರದಲ್ಲಿ ಒಬ್ಬರೇ ಇದ್ದಾರೆ. ವಯಸ್ಸು 74. ನಾನಿರುವುದು ಬೆಂಗಳೂರಿನಲ್ಲಿ. ಕ್ಯಾಮೆರಾ ಹಾಕಿಸೋಣ ಅಂದರೆ "ನಮ್ಮನೆ ಏನು ಬ್ಯಾಂಕಾ?" ಅಂದರು. ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಎರಡೇ ದಿನಕ್ಕೆ ದೇವರ ಮನೆಯ ಗೂಡು ಸೇರಿತು. ಹಾಗಾಗಿ ಕಳೆದ ವರ್ಷ ಜನವರಿಯಲ್ಲಿ ಅಲುಗಾಟ ಪತ್ತೆ ಮಾಡುವ ವೈಫೈ ಬಲ್ಬುಗಳನ್ನು ತಂದೆ. ಹಾಲ್‌ಗೆ ಮೂರು, ಮಲಗುವ ಕೋಣೆಗೆ ಎರಡು, ಅಡುಗೆಮನೆಗೆ ಎರಡು. ಎಲ್ಲಾ ಸೇರಿ ಐದು ಸಾವಿರದ ಹತ್ತಿರ ಆಯಿತು. ಕಂಪನಿಯ ಹೆಸರು ಬರೆಯುತ್ತಿಲ್ಲ. ನನಗಾದ ತೊಂದರೆಗಳಲ್ಲಿ ಮುಕ್ಕಾಲು ಪಾಲು ನಮ್ಮ ಮನೆಯದು, ಉಳಿದದ್ದು ಈ ವಿಧಾನದ್ದೇ.

ಇದರಲ್ಲಿ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಬಲ್ಬುಗಳು ಹೇಗೂ ವೈಫೈಯಲ್ಲಿ ಸಂಕೇತ ಕಳಿಸುತ್ತಲೇ ಇರುತ್ತವೆ. ನಮ್ಮ ಮೈಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರು. ಅದು ಸಂಕೇತವನ್ನು ಒಂದಷ್ಟು ಹೀರುತ್ತದೆ, ಒಂದಷ್ಟು ಚದುರಿಸುತ್ತದೆ. ಎರಡು ಬಲ್ಬಿನ ನಡುವೆ ಯಾರಾದರೂ ಹಾದುಹೋದರೆ ಒಂದಕ್ಕೆ ಇನ್ನೊಂದರಿಂದ ಬರುವ ಸಂಕೇತದ ಬಲ ಏರುಪೇರಾಗುತ್ತದೆ. ಆ ಏರುಪೇರನ್ನೇ ಆ್ಯಪ್ "ಅಲುಗಾಟ" ಎಂದು ಬರೆದುಕೊಳ್ಳುತ್ತದೆ. ಅಮ್ಮ ಮೈಮೇಲೆ ಏನೂ ಹಾಕಿಕೊಳ್ಳಬೇಕಿಲ್ಲ, ಫೋನ್ ಕೂಡ ಹತ್ತಿರ ಇರಬೇಕಿಲ್ಲ. ನನಗೆ ಬೇಕಿದ್ದದ್ದೂ ಇದೇ.

ಯೋಚನೆ ಹೊಸದೇನಲ್ಲ. 1935ರ ಫೆಬ್ರವರಿ 26ರಂದು ಇಂಗ್ಲೆಂಡಿನ ಡ್ಯಾವೆಂಟ್ರಿ ಬಳಿ ಬಿಬಿಸಿಯ ಶಾರ್ಟ್‌ವೇವ್ ಪ್ರಸಾರವನ್ನೇ ಬಳಸಿ ಹಾರುವ ವಿಮಾನವನ್ನು ಪತ್ತೆ ಮಾಡಿದ್ದರು. ಅವರಿಗೆ ಬಾಂಬರ್ ವಿಮಾನ, ನನಗೆ ಕಾಫಿ ಲೋಟ ಹಿಡಿದು ನಡೆಯುವ ಅಮ್ಮ.

ಮೊದಲ ಎರಡು ತಿಂಗಳು ಖುಷಿಯೋ ಖುಷಿ. ರಾತ್ರಿ ಅಮ್ಮ ಬಚ್ಚಲಿಗೆ ಎದ್ದರೆ ಹಾಲ್ ದೀಪ ಮೆಲ್ಲಗೆ ತಾನೇ ಹತ್ತುತ್ತಿತ್ತು. ಇದೊಂದು ಅವರಿಗೂ ಇಷ್ಟವಾಯಿತು. ಸೆನ್ಸರ್‌ಗೆ ಅಂತ ಗೋಡೆಗೆ ತೂತು ಹೊಡೆಯಲಿಲ್ಲ, ವೈರ್ ಎಳೆಯಲಿಲ್ಲ. ಮನೆಗೆ ಬಂದ ಅತ್ತಿಗೆಗೆ ನಾನು ತೋರಿಸುವ ತನಕ ಗೊತ್ತೇ ಆಗಲಿಲ್ಲ. ಅದು ಆಗ ಹೆಮ್ಮೆ ಅನ್ನಿಸಿತ್ತು.

ಮಾರ್ಚ್ ಬಂತು. ಅಮ್ಮ ಫ್ಯಾನ್ ಹಾಕಿದರು.

ಆ ರಾತ್ರಿಯಿಡೀ ಮಲಗುವ ಕೋಣೆಯಲ್ಲಿ "ಅಲುಗಾಟ". ಅಮ್ಮನಿಗೆ ನಿದ್ದೆ ಬರುತ್ತಿಲ್ಲವೇನೋ ಅಂತ ನಾನು ಎದ್ದು ಕೂತಿದ್ದೆ. ಬೆಳಿಗ್ಗೆ ಕೇಳಿದರೆ "ಒಳ್ಳೇ ನಿದ್ದೆ ಬಂತಪ್ಪ" ಅಂದರು. ಲೋಹದ ರೆಕ್ಕೆಗಳು ಬಲ್ಬುಗಳ ನಡುವೆ ತಿರುಗಿದರೆ ಸಂಕೇತ ಸುಮ್ಮನಿರುತ್ತದಾ? ಫ್ಯಾನನ್ನು ಮೂರರಲ್ಲಿ ಇಟ್ಟು, ಕೋಣೆ ಖಾಲಿ ಮಾಡಿ, ಆ್ಯಪ್‌ಗೆ ಮತ್ತೆ ಅಭ್ಯಾಸ ಮಾಡಿಸಿದೆ. ಸರಿಹೋಯಿತು, ಅಮ್ಮ ರೆಗ್ಯುಲೇಟರನ್ನು ಎರಡಕ್ಕೆ ತಿರುಗಿಸುವ ತನಕ. ಸೂಕ್ಷ್ಮತೆ ಕಡಿಮೆ ಮಾಡಿದೆ. ಆಗ ಅಮ್ಮ ನಿಧಾನವಾಗಿ ನಡೆದರೆ ಲೆಕ್ಕಕ್ಕೇ ಬರಲಿಲ್ಲ. ಫ್ಯಾನ್ ಇಲ್ಲದೆ ಬೇಸಿಗೆ ಕಳೆಯುವ ಮನೆ ನಮ್ಮ ಕಡೆ ಎಲ್ಲಿದೆ ಹೇಳಿ. ಸಾಲದ್ದಕ್ಕೆ ಆ ಕೋಣೆಯ ಗೋಡೆಯಾಚೆಗೇ ಮೇಲಿನ ಬಾಡಿಗೆಯವರ ಮೆಟ್ಟಿಲು. ವೈಫೈ ಗೋಡೆ ದಾಟುತ್ತದೆ, ಅಲ್ವಾ? ಮೆಟ್ಟಿಲು ಹತ್ತಿದವರೆಲ್ಲ ಅಮ್ಮನ ಲೆಕ್ಕಕ್ಕೆ ಸೇರುತ್ತಿದ್ದರು. ಬಲ್ಬಿನ ಜಾಗ ಬದಲಿಸಿದ ಮೇಲೆ ಅದು ಸುಮಾರಾಗಿ ನಿಂತಿತು.

ಇನ್ನೊಂದು ತಲೆನೋವು ಸ್ವಿಚ್ಚು. ಗೋಡೆಯ ಸ್ವಿಚ್ ಆರಿಸಿದರೆ ಬಲ್ಬಿಗೆ ಕರೆಂಟೇ ಇಲ್ಲ, ಕಾವಲೂ ಇಲ್ಲ. ಕೋಣೆಯಿಂದ ಹೊರಗೆ ಬಂದ ಕೂಡಲೇ ದೀಪ ಆರಿಸುವುದು ಅಮ್ಮನಿಗೆ ಐವತ್ತು ವರ್ಷದ ಅಭ್ಯಾಸ. "ಆರಿಸಬೇಡಿ" ಅಂತ ಚೀಟಿ ಅಂಟಿಸಿದೆ. ಬಂದ ನೆಂಟರೆಲ್ಲ ಪಾಲಿಸಿದರು, ಅಮ್ಮ ಒಬ್ಬರನ್ನು ಬಿಟ್ಟು.

ಇದರ ನಿಜವಾದ ಮಿತಿ ಗೊತ್ತಾದದ್ದು ಆಷಾಢದಲ್ಲಿ. ಒಂದು ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆ್ಯಪ್ ನೋಡಿದೆ. ಮೂರೂ ಮುಕ್ಕಾಲಿಗೆ ಹಾಲ್‌ನಲ್ಲಿ ಅಲುಗಾಟ. ಆಮೇಲೆ ಏನೂ ಇಲ್ಲ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಬಚ್ಚಲಲ್ಲಿ ಜಾರಿರಬೇಕು ಅಂತಲೇ ಕೈಕಾಲು ತಣ್ಣಗಾಯಿತು. ಪಕ್ಕದ ಮನೆಯ ಆಂಟಿ ಹತ್ತಿರ ಇನ್ನೊಂದು ಕೀ ಇತ್ತು. ಅವರು ಬಾಗಿಲು ತೆಗೆದು ನೋಡಿದರೆ ಮನೆಯಲ್ಲಿ ಯಾರೂ ಇಲ್ಲ, ಫೋನ್ ಟಿವಿ ಪಕ್ಕದಲ್ಲಿ. ಅಮ್ಮ ಗೆಳತಿಯರ ಜೊತೆ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದರು. ಹತ್ತೂವರೆಗೆ ಪ್ರಸಾದ ಹಿಡಿದು ಬಂದವರು ವಿಷಯ ಕೇಳಿ, "ಆಷಾಢ ಶುಕ್ರವಾರ ಅನ್ನೋದೂ ಗೊತ್ತಿಲ್ವಾ ನಿನ್ನ ಬಲ್ಬಿಗೆ?" ಅಂದರು.

ನಗು ಬಂತು, ಆದರೆ ನನಗೆ ವಿಷಯ ಅರ್ಥವಾದದ್ದೂ ಆಗಲೇ. ನಾನು ದುಡ್ಡು ಕೊಟ್ಟದ್ದು ಅಮ್ಮ ಓಡಾಡುವುದನ್ನು ತಿಳಿಯಲು ಅಲ್ಲ, ಓಡಾಟ ನಿಂತರೆ ತಿಳಿಯಲು. ಅಮ್ಮ ಮಲಗಿದ್ದರೂ, ಹೊರಗೆ ಹೋಗಿದ್ದರೂ, ಬಿದ್ದಿದ್ದರೂ, ಸ್ವಿಚ್ ಆರಿಸಿದ್ದರೂ ನನ್ನ ಆ್ಯಪ್‌ನಲ್ಲಿ ಕಾಣುವುದು ಒಂದೇ: ಏನೂ ಇಲ್ಲ.

ಮುಂದೆ ಇದು ಸುಧಾರಿಸಬಹುದು. ಸಂಕೇತದ ಬಲ ಅಷ್ಟನ್ನೇ ನೋಡದೆ, ಅದರ ನೂರಾರು ಸಣ್ಣ ಬದಲಾವಣೆಗಳನ್ನು ಬಿಡಿಬಿಡಿಯಾಗಿ ಅಳೆದರೆ ಉಸಿರಾಟದ ಏರಿಳಿತವೂ ಸಿಗುತ್ತದೆ ಅಂತ ಲ್ಯಾಬ್‌ಗಳಲ್ಲಿ ತೋರಿಸಿದ್ದಾರೆ. ಎಂಐಟಿಯ ದೀನಾ ಕಟಾಬಿ ತಂಡ 2013ರಲ್ಲೇ ಗೋಡೆಯಾಚೆ ನಡೆಯುವವರನ್ನು ವೈಫೈ ಸಂಕೇತದಿಂದ ಗುರುತಿಸಿತ್ತು. ವೈಫೈ ಮೂಲಕ ಅಲುಗಾಟ ತಿಳಿಯುವುದಕ್ಕೇ 802.11ಬಿಎಫ್ ಎಂಬ ಮಾನದಂಡ 2025ರಲ್ಲಿ ಬಂದಿದೆ. ನನ್ನ ಬಲ್ಬುಗಳಿಗೆ ಅದ್ಯಾವುದೂ ಗೊತ್ತಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡ್‌ನಿಂದ ಇಎಸ್‌ಪಿ32 ಎಂಬ ಪುಟ್ಟ ವೈಫೈ ಬೋರ್ಡ್ ತಂದು ನೀನೇ ಮಾಡು ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ. ಮಾಡಬಹುದು, ಪುರುಸೊತ್ತು ಬೇಕು.

ಒಂದು ಮಾತು ಬರೆಯಲು ಮುಜುಗರ, ಆದರೂ ಬರೆಯುತ್ತೇನೆ. ಒಮ್ಮೆ ಫೋನಿನಲ್ಲಿ "ಇವತ್ತು ಕೆಲಸದ ಅಕ್ಕ ಬೇಗ ಹೊರಟ್ರಾ?" ಅಂತ ಸುಮ್ನೆ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅವಳನ್ನೂ ನೋಡ್ತಾ ಇದ್ದೀಯಾ?" ಅಂದರು. ಕ್ಯಾಮೆರಾ ಆದರೆ ಕಣ್ಣಿಗೆ ಬೀಳುತ್ತದೆ, ಆ ಅಕ್ಕ ನನ್ನನ್ನು ಕೇಳಬಹುದಿತ್ತು. ಬಲ್ಬನ್ನು ಯಾರು ಕೇಳುತ್ತಾರೆ? ಮುಂದಿನ ಸಲ ಊರಿಗೆ ಹೋದಾಗ ಅವರಿಗೆ ಎಲ್ಲಾ ವಿವರಿಸಿದೆ. ಹತ್ತರಿಂದ ಹನ್ನೊಂದೂವರೆ ತನಕ ದಾಖಲೆ ಬಂದ್ ಮಾಡಿದ್ದೇನೆ. ಅತ್ತಿಗೆಗೆ ಗೊತ್ತಾಗಲಿಲ್ಲ ಅಂತ ಪಟ್ಟ ಹೆಮ್ಮೆ ಈಗ ಇಲ್ಲ.

ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಮಲಗುವ ಕೋಣೆಯಲ್ಲಿ ಅಲುಗಾಟದ ಲೆಕ್ಕ ನಿಲ್ಲಿಸಿದ್ದೇನೆ, ಅಲ್ಲಿ ಅವು ಈಗ ಬರೀ ದೀಪ. ಹಾಲ್‌ನಲ್ಲಿ ರಾತ್ರಿಯ ದೀಪಕ್ಕೆ ಮಾತ್ರ ಬಳಕೆ. ಚೆನ್ನಾಗಿ ಕೆಲಸ ಮಾಡುತ್ತಿರುವುದು ಅಡುಗೆಮನೆಯದು. ಅಲ್ಲಿ ಫ್ಯಾನ್ ಇಲ್ಲ. ಐದೂಮುಕ್ಕಾಲಿಗೆ ಅಮ್ಮ ಡಿಕಾಕ್ಷನ್ ಹಾಕಲು ಬಂದೇ ಬರುತ್ತಾರೆ. ಏಳರ ತನಕ ಅಲ್ಲಿ ಅಲುಗಾಟ ಇಲ್ಲದಿದ್ದರೆ ಮಾತ್ರ ನನಗೆ ನೋಟಿಫಿಕೇಷನ್. ಹಿಂದಿನ ರಾತ್ರಿ ಪಂಚಾಂಗ ನೋಡುವುದು ನನ್ನ ಕೆಲಸ. ಎಲೆಕ್ಟ್ರಿಷಿಯನ್ ಕರೆಸಿ ಆ ಎರಡು ಬಲ್ಬಿಗೆ ಸ್ವಿಚ್ ತಪ್ಪಿಸಿ ಡೈರೆಕ್ಟ್ ಲೈನ್ ಕೊಡಿಸಿದ್ದೇನೆ. ಅದಕ್ಕೂ ಅಮ್ಮ ಉಪಾಯ ಕಂಡುಕೊಂಡಿದ್ದಾರೆ. ಹೋದ ತಿಂಗಳು ಅಕ್ಕನ ಮನೆಗೆ ನಾಲ್ಕು ದಿನಕ್ಕೆ ಹೊರಟಾಗ ಫ್ರಿಜ್ ಖಾಲಿ ಮಾಡಿ ಮೈನ್ ಸ್ವಿಚ್ಚನ್ನೇ ಆರಿಸಿ ಹೋದರು.