ಹಂಪಿಗೆ ಹೋಗೋರೇ, ಟಿಕೆಟ್ ನಿಮ್ಮ ಕೈಲಿರಲಿ

ಹೊಸಪೇಟೆ ಸ್ಟೇಷನ್ ಹೊರಗೆ ಯಾರಾದ್ರೂ "ಗಾಡಿ, ಗೈಡು, ಟಿಕೆಟ್ಟು, ಲೋಕಲ್ ಊಟ, ಎಲ್ಲಾ ನಾವೇ ನೋಡ್ಕೊಂತೀವ್ರಿ" ಅಂದ್ರೆ ಅಲ್ಲಿಂದ ಮುಂದೆ ನಡೀರಿ. ಎಲ್ಲ ಆಟೋದವರೂ ಹಾಗಲ್ಲ, ಅದು ನನಗೂ ಗೊತ್ತು. ನಮ್ಮ ಪಾಲಿಗೆ ಬಂದವನು ಹಾಗಿದ್ದ. ಬರೀಬಾರದು ಅಂತಲೇ ಇದ್ದೆ. ಆದ್ರೆ ನಿನ್ನೆ ಆಫೀಸಲ್ಲಿ ಒಬ್ಬರು ದಸರಾ ರಜೆಗೆ ಹಂಪಿ ಅಂದ್ರು, ತಡೆಯೋಕಾಗ್ಲಿಲ್ಲ.

ಪುಣೆಯಿಂದ ನಮ್ಮ ಭಾವ ಅಕ್ಕ ಬಂದಿದ್ರು, ಜೊತೆಗೆ ಅವರ ಇಬ್ಬರು ಮಕ್ಕಳು. ನಾನು, ನನ್ನ ಹೆಂಡತಿ. ಒಟ್ಟು ಆರು ಜನ. ಭಾವನಿಗೆ ಒಂದು ಚಾಳಿ, ಎಲ್ಲಿ ಹೋದ್ರೂ "ನಮ್ಮ ಮಹಾರಾಷ್ಟ್ರದಲ್ಲಿ ಇದು ಇಷ್ಟಕ್ಕೇ ಆಗುತ್ತೆ" ಅನ್ನೋದು. ಅದಕ್ಕೇ ಹಠ ಹಿಡಿದು ಕರ್ಕೊಂಡು ಹೋಗಿದ್ದು. ನಮ್ಮ ರಾಜ್ಯದಲ್ಲಿ ಕಮ್ಮಿ ಖರ್ಚಲ್ಲಿ ಏನೆಲ್ಲ ನೋಡಬಹುದು, ಎಂಥ ಊಟ ಸಿಗುತ್ತೆ ತೋರಿಸ್ತೀನಿ ನೋಡಿ ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿಸಿದ್ದೆ. ತೋರಿಸಿದ್ದೂ ಆಯ್ತು.

ಆಟೋದವನು ಮಾತಾಡಿದ್ದೇ ಕನ್ನಡದಲ್ಲಿ. "ನಮ್ಮೋರ ಅದೀರಿ ಸರ, ನಿಮಗ ಹೆಚ್ಚಿಗಿ ಹೇಳ್ತೀನೇನ್ರಿ?" ಅಂದ. ಇಡೀ ದಿನಕ್ಕೆ 2200, ತಾನೇ ಗೈಡ್. ಪ್ರವೇಶದ ಟಿಕೆಟ್ ದುಡ್ಡು ಬೇರೆ, ಆದ್ರೆ ಕ್ಯೂನಲ್ಲಿ ನಾವು ನಿಲ್ಲಬೇಕಾಗಿಲ್ಲ, ತಾನೇ ತಂದು ಕೊಡ್ತಾನೆ. ಮಕ್ಕಳು ಬಿಸಿಲಲ್ಲಿ ನಿಲ್ಲೋದು ತಪ್ಪುತ್ತೆ ಅಂತ ಹೂಂ ಅಂದ್ವಿ. ಯಾರಾದ್ರೂ ಹೂಂ ಅಂತಾರೆ.

ಬೆಳಿಗ್ಗೆ ವಿರೂಪಾಕ್ಷ, ಹೇಮಕೂಟ, ಸಾಸಿವೆಕಾಳು ಗಣಪ, ಕಡಲೆಕಾಳು ಗಣಪ, ಉಗ್ರನರಸಿಂಹ, ಬಡವಿಲಿಂಗ. ಇದೆಲ್ಲ ಚೆನ್ನಾಗೇ ಆಯ್ತು, ಯಾಕಂದ್ರೆ ಇಲ್ಲೆಲ್ಲೂ ನಮಗೆ ಟಿಕೆಟ್ ಬೇಕಾಗ್ಲಿಲ್ಲ, ಅವನಿಗೆ ಕೀಳೋಕೆ ಜಾಗ ಇರಲಿಲ್ಲ. ಕಮಲ ಮಹಲ್, ಆನೆ ಲಾಯ ಇರೋ ಜನಾನಾ ಆವರಣದ ಗೇಟಿಗೆ ಬಂದಾಗ ಶುರುವಾಯ್ತು. "ತಲಿಗೆ ಐವತ್ತು ಕೊಡ್ರಿ." ಆರು ಜನಕ್ಕೆ 300. ಒಂದು ಟಿಕೆಟ್ 40 ಅಲ್ವೇನಪ್ಪಾ ಅಂದ್ರೆ "ಚಿಲ್ರಿ ಇರಂಗಿಲ್ರಿ ಅವರ ಹತ್ರ" ಅಂದ. ಹೋಗಲಿ ಹತ್ತು ರೂಪಾಯಿ ತಾನೇ ಅಂತ ಕೊಟ್ಟೆ. ಟಿಕೆಟ್ ನಮ್ಮ ಕೈಗೆ ಕೊಡಲಿಲ್ಲ. ಗೇಟಲ್ಲಿ ಅವನೇ ತೋರಿಸಿ, ಮಡಚಿ ಅಂಗಿ ಜೇಬಿಗೆ ಹಾಕ್ಕೊಂಡ. ಆ ಜೇಬು ನೆನಪಿಟ್ಕೊಳ್ಳಿ.

ಆಮೇಲೆ ಊಟ. ನಾನು ಬೆಳಿಗ್ಗೆಯಿಂದ ಬಾಯಿ ಬಡ್ಕೊಂಡಿದ್ದು ಒಂದೇ, ಖಾನಾವಳಿಗೆ ಕರ್ಕೊಂಡು ಹೋಗು, ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ ಸಾಕು ಅಂತ. "ಅದಕ್ಕೇ ಹೊಂಟೀವ್ರಿ ಸರ, ಮನಿ ಊಟ" ಅಂದ. ಬಂದಿದ್ದು ತೋಟದ ಮಧ್ಯೆ ಹುಲ್ಲಿನ ಛಾವಣಿ ಹಾಕಿದ ಜಾಗ. ಬೋರ್ಡಲ್ಲಿ ರೇಟಿಲ್ಲ, ಮೆನು ಕೇಳಿದ್ರೆ "ಥಾಲಿ ಒಂದೇ ಸರ್". ತಟ್ಟೆಗೆ ಬಂದ ರೊಟ್ಟಿ ಕಟಕ್ ಅಂತ ಮುರೀತು. ಕಟಕ್ ರೊಟ್ಟಿ ನನಗೆ ಗೊತ್ತು, ಅದು ಬೇರೆ, ಅದಕ್ಕೊಂದು ರುಚಿ ಇರುತ್ತೆ. ಇದು ಬಿಸಿ ರೊಟ್ಟಿ ಅಂತ ಹೇಳಿ ಕೊಟ್ಟ, ನಿನ್ನೆ ತಟ್ಟಿದ ರೊಟ್ಟಿ. ಎಣ್ಣೆಗಾಯಿ ಅಂತ ಬಡಿಸಿದ್ರಲ್ಲಿ ಬದನೆಕಾಯಿಯೇನೋ ಇತ್ತು, ಗುರೆಳ್ಳು ಶೇಂಗಾ ಪುಡಿಯ ಸುಳಿವಿಲ್ಲ, ಕೆಂಪು ಗ್ರೇವಿ, ಮೇಲೆ ಕೆನೆ! ಎಣ್ಣೆಗಾಯಿ ಮೇಲೆ ಕೆನೆ ಯಾರು ಹಾಕ್ತಾರ್ರೀ? ಮಕ್ಕಳು ಗ್ರೇವಿ ನೋಡಿ ಪನೀರ್ ಎಲ್ಲಿ ಅಂತ ಹುಡುಕಿದ್ರು. ಬಿಲ್ ತಲೆಗೆ 380. ಒಟ್ಟು 2280. ಮಕ್ಕಳಿಗೂ ಪೂರ್ತಿ ಥಾಲಿ ಲೆಕ್ಕ.

ಕೈ ತೊಳೆಯೋಕೆ ಹಿಂದಕ್ಕೆ ಹೋದ್ರೆ ನಮ್ಮ ಡ್ರೈವರ್ ಅಡುಗೆಮನೆ ಬಾಗಿಲಲ್ಲಿ ಕೂತು ಊಟ ಮಾಡ್ತಿದ್ದ. ಅವನ ತಟ್ಟೆಯಲ್ಲಿ ಮೆತ್ತನೆ ಬಿಸಿ ರೊಟ್ಟಿ, ಬೇಳೆ ಸಾರು, ಹಸಿ ಈರುಳ್ಳಿ. ನನಗೆ ಬೇಕಾಗಿದ್ದ ಊಟ ಅದು! ಬಿಸಿ ರೊಟ್ಟಿ ಆ ಅಡುಗೆಮನೆಯಲ್ಲೇ ಆಗ್ತಿತ್ತು, ನಮಗಲ್ಲ ಅಷ್ಟೇ. "ಸರ, ಊಟ ಹೆಂಗಾತ್ರಿ?" ಅಂತ ಕೇಳಿದ ಬೇರೆ.

ಭಾವ ಆಗ ಏನೂ ಅನ್ನಲಿಲ್ಲ. ಅದು ಇನ್ನೂ ಕೆಟ್ಟದ್ದು.

ವಿಜಯ ವಿಠ್ಠಲ ದೇವಸ್ಥಾನಕ್ಕೆ ಹೋದ್ವಿ. ಅಲ್ಲಿ ಮತ್ತೆ "ತಲಿಗೆ ಐವತ್ತು". ಇದು ಬೇರೆ ಟಿಕೆಟ್ ಅಂತೆ. ಮತ್ತೆ 300 ಕೊಟ್ಟೆ. ಬ್ಯಾಟರಿ ಗಾಡಿ ದುಡ್ಡು ಅದು ಬೇರೆ. ತಮಾಷೆ ಏನಂದ್ರೆ ಅಕ್ಕನ ಮಗಳು ಅಲ್ಲಿ 50ರ ನೋಟು ಎತ್ತಿ ಹಿಡಿದು, ನೋಟಿನ ಮೇಲಿರೋ ಕಲ್ಲಿನ ರಥ, ಎದುರಿಗಿರೋ ಕಲ್ಲಿನ ರಥ ಎರಡೂ ಸೇರಿಸಿ ಫೋಟೋ ತೆಗೀತಿದ್ಲು. ಅಂಥ ನೋಟು ಆರಾರು ಅವನ ಜೇಬಿಗೆ ಇಳೀತಾನೇ ಇದ್ವು.

ಈಗ ಕಮಲಾಪುರದ ಮ್ಯೂಸಿಯಂ. ಸಾಯಂಕಾಲ, ಮುಚ್ಚೋ ಹೊತ್ತು ಹತ್ತಿರ. ಅಂಗಳದಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಅದನ್ನ ನೋಡಲೇಬೇಕು ಅಂತ ನಾನೇ ಹಠ ಮಾಡಿದ್ದೆ. ಡ್ರೈವರ್ ಮೂರನೇ ಸಲ 300 ಇಸ್ಕೊಂಡ. ಅಷ್ಟರಲ್ಲಿ ಅವನಿಗೆ ಫೋನ್ ಬಂತು, ಆ ಕಡೆ ಹೋದ. ನಾನು ಮಕ್ಕಳನ್ನ ಕರ್ಕೊಂಡು ಸೀದಾ ಬಾಗಿಲಿಗೆ ಹೋದೆ, ಅಲ್ಲಿದ್ದ ಸಿಬ್ಬಂದಿ ಕೇಳಿದ್ರು, "ಬೆಳಗ್ಗೆ ಕಮಲ ಮಹಲ್ ನೋಡಿದ್ರಾ?" ಹೌದು ಅಂದೆ. "ಹಂಗಾದ್ರ ಅದೇ ಟಿಕೆಟ್ ತೋರಿಸ್ರಿ, ಸಾಕು."

ಅದೇ ಟಿಕೆಟ್?

ಒಂದು ಟಿಕೆಟ್, ಅದೇ ದಿನ ಮೂರೂ ಕಡೆ ನಡೆಯುತ್ತೆ. ಜನಾನಾ ಆವರಣ, ವಿಠ್ಠಲ ದೇವಸ್ಥಾನ, ಮ್ಯೂಸಿಯಂ, ಮೂರಕ್ಕೂ ಅದೇ. ಅಷ್ಟೇ ಅಲ್ಲ, ಅವರು ಮಕ್ಕಳ ಕಡೆ ನೋಡಿ "ಇವ್ರಿಗ್ಯಾಕ್ರಿ? ಹದಿನೈದರ ಒಳಗಿನೋರಿಗೆ ಫ್ರೀ" ಅಂದ್ರು. ಒಂದಕ್ಕೆ ಒಂಬತ್ತು ವರ್ಷ, ಇನ್ನೊಂದಕ್ಕೆ ಹನ್ನೆರಡು. ಅಂದ್ರೆ ನಾಲ್ಕು ಜನಕ್ಕೆ 160 ರೂಪಾಯಲ್ಲಿ ಮುಗೀಬೇಕಿದ್ದದ್ದು 900 ಆಗಿತ್ತು. ಹಿಂದೆ ತಿರುಗಿದೆ, ಭಾವ ನಿಂತಿದ್ರು, ಎಲ್ಲ ಕೇಳಿಸ್ಕೊಂಡಿದ್ರು. "ನಿಮ್ಮ ಕರ್ನಾಟಕದಲ್ಲಿ ಇದು ಎಷ್ಟಕ್ಕಾಗುತ್ತೆ ಅಂದ್ಯಪ್ಪಾ?" ಅಂದ್ರು. ಹೆಂಡತಿ ನಕ್ಕಳು. ನನ್ನ ಕಿವಿ ಬಿಸಿಯಾಯ್ತು. ಇಡೀ ಹಂಪಿಯ ಮಾದರಿ ಮುಂದೆ ನಿಂತಿದ್ದೆ, ಒಂದೂ ಕಾಣಿಸಲಿಲ್ಲ.

ಹೊರಗೆ ಬಂದು ಹಿಡ್ಕೊಂಡೆ. ಅವನ ಉತ್ತರಗಳು ಹೀಗಿದ್ವು, ಒಂದಕ್ಕೊಂದು ಸಂಬಂಧ ಇಲ್ಲ. ಮೊದಲು "ಹಂಗಲ್ರಿ ಸರ, ರೂಲ್ಸ್ ಮೊನ್ನೆ ಬದಲಾಗೇತಿ." ಟಿಕೆಟ್ ತೋರಿಸು ಅಂದ್ರೆ "ಬಿದ್ದೋಗೇತ್ರಿ." ಎಲ್ಲಿ ಬಿತ್ತಪ್ಪಾ, ಆ ಜೇಬಲ್ಲೇ ಕಾಣ್ತಿದೆಯಲ್ಲ ಅಂದ್ರೆ "ಅದು ಬ್ಯಾರೆ ಪಾರ್ಟಿದ್ರಿ." ಕೊನೆಗೆ ಹೇಳಿದ ಮಾತು ಮಾತ್ರ ನಾನು ಸಾಯೋವರೆಗೂ ಮರೆಯಲ್ಲ: "ಟಿಕೆಟ್ ರೊಕ್ಕ ಅಂತ ಯಾವಾಗ ಅಂದೆ ಸರ? ಅದು ಕ್ಯೂ ನಿಲ್ಲೋ ಸರ್ವಿಸ್ ಚಾರ್ಜು. ಎಲ್ಲಾ ನೋಡ್ಕೋ ಅಂತ ನೀವ ಹೇಳಿದ್ರಲ್ರಿ, ನೋಡ್ಕೊಂಡೆ." ನೋಡ್ಕೊಂಡನಂತೆ! ಊಟದ ವಿಷಯ ಕೇಳಿದ್ರೆ "ಹೋಟ್ಲು ನಂದಲ್ರಿ, ನನಗೇನ್ ಗೊತ್ತು." ಹೋಟ್ಲು ನಿನ್ನದಲ್ಲ, ಬಿಸಿ ರೊಟ್ಟಿ ಮಾತ್ರ ನಿಂದು.

ದುಡ್ಡು ವಾಪಸ್ ಬರಲಿಲ್ಲ. ಬೆಳಿಗ್ಗೆಯೇ 1500 ಅಡ್ವಾನ್ಸ್ ಹೋಗಿತ್ತು, ಬಾಕಿ 700ರಲ್ಲಿ ಮುರ್ಕೊಳ್ಳೋಣ ಅಂದ್ರೆ ನಮ್ಮ ಬ್ಯಾಗೆಲ್ಲ ಅವನ ಗಾಡಿಯಲ್ಲಿ. ಮಕ್ಕಳು ಸುಸ್ತಾಗಿದ್ರು, ಅಕ್ಕ "ಬಿಡೋ ಮಾರಾಯ" ಅಂದ್ಲು, ಕೊಟ್ಟು ಇಳಿದ್ವಿ. ರಾತ್ರಿ ವಾಟ್ಸಾಪಲ್ಲಿ ಮೆಸೇಜು: ಕೈಮುಗಿಯೋ ಚಿಹ್ನೆ ಎರಡು, "ಸರ್ ಫೈವ್ ಸ್ಟಾರ್ ರಿವ್ಯೂ ಹಾಕಿ ಸಪೋರ್ಟ್ ಮಾಡಿ." 740 ವಾಪಸ್ ಹಾಕು, ಹಾಕ್ತೀನಿ ಅಂದೆ. ಬ್ಲಾಕ್.

ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ಅದೇ ರಾತ್ರಿ ಹೊಸಪೇಟೆಯಲ್ಲಿ ತಳ್ಳುಗಾಡಿ ಮುಂದೆ ನಿಂತು ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದ್ವಿ. ಆರು ಜನ, 240 ರೂಪಾಯಿ. ಬಜ್ಜಿ ಆಗಷ್ಟೇ ಬಾಣಲೆಯಿಂದ ತೆಗೆದದ್ದು, ಮಂಡಕ್ಕಿ ಮೇಲೆ ಪುಟಾಣಿ ಹಿಟ್ಟು, ನಿಂಬೆಹಣ್ಣು. ಭಾವ ಎರಡನೇ ಪ್ಲೇಟ್ ಇಸ್ಕೊಂಡ್ರು, ಪುಣೆ ಭೇಲ್ ಮಾತು ಎತ್ತಲಿಲ್ಲ. ಮಾರನೇ ದಿನ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ತಟ್ಟೋ ಸದ್ದು ಕೇಳ್ತಾ ಕೇಳ್ತಾ ರೊಟ್ಟಿ ಊಟ, ತಲೆಗೆ 90. ಮೊದಲ ದಿನವೇ ಇದು ಆಗಬೇಕಿತ್ತು. ಯಾರೂ ಕೇಳದೇ ಅಜ್ಜಿ ಇನ್ನೊಂದು ರೊಟ್ಟಿ ಹಾಕಿದ್ರು, ಅದಕ್ಕೆ ಸರ್ವಿಸ್ ಚಾರ್ಜ್ ಹಾಕಲಿಲ್ಲ.

ಹೋಗೋರು ಹೋಗಿ, ಹಂಪಿದೇನೂ ತಪ್ಪಿಲ್ಲ. ಹೊಸಪೇಟೆಯಿಂದ ಹಂಪಿ ಹದಿಮೂರು ಕಿಲೋಮೀಟರ್ ಆಸುಪಾಸು, ಸರ್ಕಾರಿ ಬಸ್ ಇದೆ. ಗಾಡಿ ಬೇಕಿದ್ರೆ ಬರೀ ಗಾಡಿಗೆ ಮಾತಾಡಿ, ಅಡ್ವಾನ್ಸ್ ಬೇಡ, ಬ್ಯಾಗ್ ರೂಮಲ್ಲಿ ಬಿಟ್ಟು ಬನ್ನಿ. ಗೈಡ್ ಬೇಕಿದ್ರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೇಳಿ. ನಮ್ಮವನಂತೂ ಮಹಾನವಮಿ ದಿಬ್ಬ ತೋರಿಸಿ ಹೆಲಿಪ್ಯಾಡ್ ಥರ ಇದೆ ನೋಡ್ರಿ ಅಂದಿದ್ದ, ಗೈಡ್ ಕೆಲಸ ಅಷ್ಟಕ್ಕೇ ಮುಗೀತು. ಟಿಕೆಟ್ ನೀವೇ ತಗೊಳ್ಳಿ, ಜೇಬಲ್ಲಿಟ್ಕೊಳ್ಳಿ, ಸಾಯಂಕಾಲದವರೆಗೂ ಬಿಸಾಡಬೇಡಿ. ಊಟಕ್ಕೆ ಕೂರೋ ಮುಂಚೆ ರೇಟ್ ಕೇಳಿ, ಡ್ರೈವರ್ ಕರ್ಕೊಂಡು ಹೋದ ಜಾಗದಲ್ಲಿ ಕೂರಲೇಬೇಡಿ. ಮ್ಯೂಸಿಯಂ ಶುಕ್ರವಾರ ರಜೆ, ಅವತ್ತು ಯಾರಾದ್ರೂ ಅದಕ್ಕೂ ಸೇರಿಸಿ ದುಡ್ಡು ಕೇಳಿದ್ರೆ ನಮ್ಮವನೇ ಇರಬೇಕು.