ಪುಣೆಯ ಬೇಸಿಗೆಯಲ್ಲಿ ಆಕ್ಸೊಲಾಟಲ್: ಐಸ್ ಬಾಟಲಿ, ಫ್ಯಾನ್, ಚಿಲ್ಲರ್

ಪುಣೆಯಂಥ ಊರಿನ ಫ್ಲಾಟಿನಲ್ಲಿ ಮೊದಲ ಸಲ ಸಲಾಮಾಂಡರ್ (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಉಭಯಚರ) ಸಾಕಬೇಕೆನ್ನುವವರು ಮೊದಲು ಚಿಲ್ಲರಿಗೆ, ಅಂದರೆ ತೊಟ್ಟಿಯ ನೀರು ತಂಪು ಮಾಡುವ ಯಂತ್ರಕ್ಕೆ, ಹಣ ಎತ್ತಿಡಬೇಕು, ಆಮೇಲೆ ಪ್ರಾಣಿಯನ್ನು ತರಬೇಕು. ನಾನು ಜನವರಿಯಲ್ಲಿ ಆಕ್ಸೊಲಾಟಲ್ ಎಂಬ ಸಲಾಮಾಂಡರ್ ತಂದೆ, ಮೇ ತಿಂಗಳಲ್ಲಿ ಚಿಲ್ಲರ್ ತಂದೆ. ನಡುವಿನ ದಿನಗಳಲ್ಲಿ ಆ ಜೀವಕ್ಕೆ ಆದ ಹಿಂಸೆ ನನ್ನ ಆತುರದಿಂದಲೇ ಆದದ್ದು.

ಪ್ರಾಣಿಯ ಆಯ್ಕೆ ನನಗೆ ಕಷ್ಟವಾಗಲಿಲ್ಲ. ಗೆಳೆಯರೊಬ್ಬರು ಊರಿಗೆ ಹೋದಾಗ ಅವರ ಫೈರ್‌ಬೆಲಿ ನ್ಯೂಟ್‌ಗಳನ್ನು (ನ್ಯೂಟ್ ಕೂಡ ಸಣ್ಣ ಸಲಾಮಾಂಡರೇ) ಮೂರು ವಾರ ನೋಡಿಕೊಂಡಿದ್ದೆ. ನೋಡಲು ಬಹಳ ಚಂದ, ಆದರೆ ಒದ್ದೆ ಗಾಜನ್ನು ಹತ್ತಿ ವೈರು ಹಾಯುವ ಸಂದಿಯಿಂದಲೂ ನುಸುಳುತ್ತವೆ, ಚರ್ಮದಲ್ಲಿ ವಿಷವಿರುತ್ತದೆ, ಅವಕ್ಕೂ ತಂಪೇ ಬೇಕು. ಟೈಗರ್ ಸಲಾಮಾಂಡರ್ ಹಗಲೆಲ್ಲ ಮಣ್ಣಿನೊಳಗೆ ಹುದುಗಿರುವ ಪ್ರಾಣಿಯಾದ್ದರಿಂದ ಅದರ ಯೋಚನೆಯನ್ನು ಬಿಟ್ಟೆ. ಆಕ್ಸೊಲಾಟಲ್ ಕಿವಿರುಗಳನ್ನು ಉಳಿಸಿಕೊಂಡೇ ಬೆಳೆದು ಬದುಕಿಡೀ ನೀರಿನಲ್ಲಿರುತ್ತದೆ. ಎರೆಹುಳು ಹಿಡಿದ ಚಿಮಟ ಕಂಡರೆ ನಮ್ಮದು ಗಾಜಿಗೆ ಮೂಗು ತಾಗಿಸಿ ನಿಲ್ಲುತ್ತದೆ.

ತೊಟ್ಟಿ ಮೂರು ಅಡಿ ಉದ್ದ, ಸುಮಾರು 120 ಲೀಟರ್ ನೀರು. ತಳಕ್ಕೆ ಜಲ್ಲಿಕಲ್ಲು ಬೇಡ. ಬಾಯಿ ತೆರೆದು ಆಹಾರವನ್ನು ಒಳಗೆ ಸೆಳೆಯುವಾಗ ಕಲ್ಲೂ ಹೊಟ್ಟೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಫಿಲ್ಟರ್ ಸ್ಪಂಜಿನದೇ ಸಾಕು. ಫಿಲ್ಟರಿನಲ್ಲಿ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ನೆಲೆಯೂರಲು ಬೇಕಾದ ಐದಾರು ವಾರಗಳನ್ನು ಮಾತ್ರ ನಾನು ತಾಳ್ಮೆಯಿಂದ ಕಾದಿದ್ದೆ.

ಇನ್ನು ಬಿಸಿಲಿನ ಮಾತು. ಆಕ್ಸೊಲಾಟಲ್‌ನ ತವರು ಮೆಕ್ಸಿಕೊ ನಗರದ ಸೊಚಿಮಿಲ್ಕೊ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ತಂಪು ಜಾಗ. ಪುಣೆ ಇರುವುದು ಸುಮಾರು 560 ಮೀಟರಿನಲ್ಲಿ. ಆಕ್ಸೊಲಾಟಲ್‌ಗೆ ಹಿತವಾದ ನೀರು 16ರಿಂದ 18 ಡಿಗ್ರಿ, 24 ದಾಟಿದರೆ ಜೀವಕ್ಕೇ ಅಪಾಯ. ಪುಣೆಯ ಕೋಥ್ರೂಡ್ ಬಡಾವಣೆಯ ನಮ್ಮ ಮನೆಯ ಹಾಲ್ ಪಶ್ಚಿಮಕ್ಕೆ ತೆರೆದಿದ್ದು, ಏಪ್ರಿಲ್ ಮಧ್ಯಾಹ್ನ ತೊಟ್ಟಿಯ ನೀರು 28 ಮುಟ್ಟಿತು. ಪ್ರಾಣಿ ಊಟ ಬಿಟ್ಟಿತು, ಬಾಲದ ತುದಿ ಕೊಕ್ಕೆಯಂತೆ ಬಾಗಿತು, ಒಂದು ಕಿವಿರಿನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು ಕಂಡಿತು. ವಿಜಯಪುರದಿಂದ ಬಂದಿದ್ದ ಅವ್ವ ನೋಡಿದವಳೇ, ‘ಇದಕ್ಕ ಈ ಬ್ಯಾಸಿಗಿ ತಡಿಯಂಗಿಲ್ಲಪ್ಪಾ’ ಎಂದಳು.

ಐಸ್ ಬಾಟಲಿಗೆ ಖರ್ಚಿಲ್ಲ. ಆದರೆ ನೀರು ಹೆಪ್ಪುಗಟ್ಟಿಸಿದ ಲೀಟರಿನ ನಾಲ್ಕು ಬಾಟಲಿ ತೊಟ್ಟಿಗೆ ಇಳಿಸಿದರೆ ನೀರು ಮೂರು ಡಿಗ್ರಿ ಇಳಿಯುತ್ತಿತ್ತು, ನಾನು ಆಫೀಸಿನಿಂದ ಬರುವಷ್ಟರಲ್ಲಿ ಮತ್ತೆ ಏರಿರುತ್ತಿತ್ತು. ಈ ಏರಿಳಿತ ಬಿಸಿಯಷ್ಟೇ ಕೆಟ್ಟದ್ದು.

ನೀರಿನ ಮೇಲೆ ಬೀಸುವ ಸಣ್ಣ ಫ್ಯಾನು ಇದಕ್ಕಿಂತ ವಾಸಿ. ಪುಣೆಯ ಒಣ ಹವೆಯಲ್ಲಿ ನೀರು ಬೇಗ ಆವಿಯಾಗಿ ಮೂರು ಡಿಗ್ರಿಯಷ್ಟು ತಂಪು ಸ್ಥಿರವಾಗಿ ಸಿಗುತ್ತದೆ. ಮುಂಬೈ ಬಳಿಯ ಡೊಂಬಿವಲಿಯಲ್ಲಿರುವ ಚಿಕ್ಕಮ್ಮನ ಮಗಳಿಗೆ ಅದೇ ಫ್ಯಾನಿನಿಂದ ಒಂದು ಡಿಗ್ರಿಯೂ ಸರಿಯಾಗಿ ಇಳಿಯಲಿಲ್ಲ, ಏಕೆಂದರೆ ಅಲ್ಲಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ನಮ್ಮಲ್ಲಿಯೂ 28ರಿಂದ 25ಕ್ಕೆ ಬಂದರೆ ಸಾಲದು, ಜೊತೆಗೆ ದಿನಕ್ಕೆ ಮೂರು ಲೀಟರ್ ನೀರು ತುಂಬಬೇಕು. ನವೆಂಬರಿನಿಂದ ಫೆಬ್ರುವರಿಯವರೆಗೆ ನಾನು ಈಗಲೂ ಫ್ಯಾನನ್ನೇ ಬಳಸುತ್ತೇನೆ.

ಕೊನೆಗೆ 24,000 ರೂಪಾಯಿ ಕೊಟ್ಟು ಹತ್ತನೇ ಒಂದು ಅಶ್ವಶಕ್ತಿಯ (ಎಚ್‌ಪಿ) ಚಿಲ್ಲರ್ ತಂದೆ. ಅಂಗಡಿಯವರ ಮಾತಿನಂತೆ ಅದನ್ನು ತೊಟ್ಟಿಯ ಕೆಳಗಿನ ಕಪಾಟಿನಲ್ಲಿಟ್ಟೆ, ಬಾಗಿಲು ಮುಚ್ಚಿದರೆ ಸದ್ದೂ ಕೇಳುತ್ತಿರಲಿಲ್ಲ. ಮೊದಲ ರಾತ್ರಿ 18 ತೋರಿಸಿದ ಯಂತ್ರ ಮರುದಿನ ಮೂರು ಗಂಟೆಗೆ 24 ತೋರಿಸಿತು, ಮುಟ್ಟಿದರೆ ಮೈಯೆಲ್ಲ ಬಿಸಿ. ಮತ್ತೆ ಮತ್ತೆ ಹೀಗೇ ಆದಾಗ ಯಂತ್ರವೇ ಕೆಟ್ಟದ್ದೆಂದು ಅಂಗಡಿಗೆ ಎರಡು ಸಲ ಹೋಗಿ ವಾದಿಸಿ, ಬದಲಿಸಿ ಕೊಡದೆ ಕಳಿಸಿದರೆಂದು ನೊಂದುಕೊಂಡೆ.

ಒಂದು ಭಾನುವಾರ ಕಪಾಟಿನ ಬಾಗಿಲು ತೆರೆದು ಕೈ ಒಳಗಿಟ್ಟಾಗ ಕಾರಣ ತಿಳಿಯಿತು. ನೀರಿನಿಂದ ತೆಗೆದ ಬಿಸಿಯನ್ನು ಚಿಲ್ಲರ್ ಹಿಂದಿನಿಂದ ಹೊರಗೆ ಊದುತ್ತದೆ. ಮುಚ್ಚಿದ ಕಪಾಟಿನಲ್ಲಿ ಅದೇ ಬಿಸಿ ಗಾಳಿಯನ್ನು ಮತ್ತೆ ಒಳಗೆಳೆದುಕೊಂಡು ಬಳಲುತ್ತಿತ್ತು. ಹೊರತೆಗೆದು ಗೋಡೆಯಿಂದ ಒಂದು ಅಡಿ ದೂರದಲ್ಲಿ ಪ್ಯಾಸೇಜಿನ ನೆಲದ ಮೇಲಿಟ್ಟೆ. ಅಂದಿನಿಂದ ನೀರು 18-19ರ ಆಚೆ ಹೋಗಿಲ್ಲ. ಉದ್ದದ ಪೈಪು ಬೇಕಾಯಿತು. ನೀರು ಮರಳಿ ಬೀಳುವ ಪೈಪಿನ ಬಾಯಿಯನ್ನು ತೊಟ್ಟಿಯ ಗಾಜಿನ ಗೋಡೆಗೆ ತಿರುಗಿಸಿದ್ದೇನೆ, ಆಕ್ಸೊಲಾಟಲ್‌ಗೆ ಜೋರಾದ ಹರಿವು ಆಗದು. ಕರೆಂಟಿನ ಬಿಲ್ಲು ಬೇಸಿಗೆಯಲ್ಲಿ ತಿಂಗಳಿಗೆ ಸುಮಾರು 600 ರೂಪಾಯಿ ಹೆಚ್ಚು.

ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಏಳಕ್ಕೆ ಮರಳುವ ನನ್ನಂಥವನಿಗೆ ಚಿಲ್ಲರ್ ಬಿಟ್ಟರೆ ಬೇರೆ ದಾರಿಯಿಲ್ಲ. ಇಡೀ ದಿನ ಮನೆಯಲ್ಲಿರುವವರೂ ಫ್ಯಾನು, ಬಾಟಲಿಗಳ ಭರವಸೆಯ ಮೇಲೆ ಬೇಸಿಗೆಗೆ ಮುನ್ನ ಪ್ರಾಣಿ ತರಬಾರದು.

ಕಾಗದಪತ್ರದ ಕೆಲಸವೂ ಇದೆ. ಆಕ್ಸೊಲಾಟಲ್ ಸೈಟಿಸ್‌ನ (ವನ್ಯಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿರುವುದರಿಂದ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ‘ಪರಿವೇಶ್’ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ರಸೀದಿಯಿಲ್ಲದೆ ಕೊಳ್ಳಬೇಡಿ. ಹಿಮಾಲಯದ ನ್ಯೂಟ್ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿದೆ, ಯಾರಾದರೂ ಮಾರಲು ತೋರಿಸಿದರೂ ಮುಟ್ಟಬಾರದು.

ನಮ್ಮ ಬಡಾವಣೆಯಲ್ಲಿ ಗುರುವಾರ ದುರಸ್ತಿಗೆಂದು ಕರೆಂಟು ಹೋಗುತ್ತಿರುತ್ತದೆ. ಅದಕ್ಕಾಗಿ ನಾಲ್ಕು ಬಾಟಲಿಗಳು ಫ್ರೀಜರಿನಲ್ಲಿ ಈಗಲೂ ಇವೆ.